ಪಟ್ರೋಕ್ಲಸನ ಎರಡು ಚಿತ್ರಗಳು: ಗ್ರೀಕ್-ರೋಮನ್ ಶಿಲ್ಪಗಳ ಮೊದಮೊದಲ ಫೋಟೋಗಳ ಕಥೆ

ಶಾಸನ ಓದುವವರಿಗೆಲ್ಲ ಗೊತ್ತಿರುವ ಮಾತು ಇದು. ಕಲ್ಲು ಒಂದೇ ಇರುತ್ತೆ, ಅಕ್ಷರ ಮಾತ್ರ ಹೊತ್ತಿಗೊಂದು ಥರ ಕಾಣುತ್ತೆ. ಬಿಸಿಲು ಕಲ್ಲಿನ ಮುಖಕ್ಕೆ ನೇರವಾಗಿ ಬಿದ್ದರೆ ಸವೆದ ಸಾಲುಗಳು ಕಲ್ಲಿನಲ್ಲೇ ಕರಗಿಹೋಗುತ್ತವೆ. ಬೆಳಕು ಓರೆಯಾಗಿ ಸವರಿಕೊಂಡು ಹೋದಾಗ ಅದೇ ಸಾಲುಗಳು ಎದ್ದು ನಿಲ್ಲುತ್ತವೆ. ವೀರಗಲ್ಲಿನ ಪಕ್ಕದಲ್ಲಿ ಟಾರ್ಚನ್ನು ಅಡ್ಡ ಹಿಡಿದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತಿನ ಬರಹ ನೇರವಾಗಿ ಶಾಸನದ ಮೇಲಲ್ಲ, ಶಿಲ್ಪದ ಮೇಲೆ. ಅದೂ ಬಹುಪಾಲು ಗ್ರೀಸ್ ಮತ್ತು ರೋಮಿನ ಪ್ರಾಚೀನ ಶಿಲ್ಪಗಳನ್ನು ಕ್ಯಾಮೆರಾ ಮೊದಲ ಸಲ ಹೇಗೆ ನೋಡಿತು ಅನ್ನುವುದರ ಮೇಲೆ. ಇದನ್ನು ಇಲ್ಲಿ ಹಾಕೋದಕ್ಕೆ ಕಾರಣ ಇದೆ. ಇವತ್ತು ನಾವು ಎಷ್ಟೋ ಶಾಸನಗಳನ್ನು ಕಲ್ಲು ನೋಡದೇ ಫೋಟೋದಲ್ಲೇ ಓದುತ್ತೇವೆ. ವಾಟ್ಸಾಪಿನಲ್ಲಿ ಬಂದ ಒಂದು ಚಿತ್ರದ ಮೇಲೆ ದೊಡ್ಡ ದೊಡ್ಡ ಚರ್ಚೆಗಳು ನಡೆಯುತ್ತವೆ. ಹಾಗಾದರೆ ಕಲ್ಲಿನ ಕೆಲಸದ ಫೋಟೋ ಎಂಬುದು ಎಷ್ಟರಮಟ್ಟಿಗೆ ಸಾಕ್ಷಿ? ಈ ಪ್ರಶ್ನೆ ಫೋಟೋಗ್ರಫಿ ಹುಟ್ಟಿದ ದಿನದಿಂದಲೂ ಇದೆ, ಮತ್ತು ಅದಕ್ಕೆ ಮೊದಲ ಉತ್ತರಗಳು ಬಂದದ್ದು ಶಿಲ್ಪದ ಫೋಟೋಗಳಿಂದಲೇ ಅಂತ ನನಗನಿಸುತ್ತೆ.

ಒಂದೇ ತಲೆ, ಎರಡು ಚಿತ್ರ

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ಫೋಟೋ ಮೂಡಿಸುವ ವಿಧಾನ ಕಂಡುಹಿಡಿದವನು. ಒಂದು ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರತಿ, ಎಂಬ ಪದ್ಧತಿಗೆ ಅವನೇ ಮೂಲಪುರುಷ. 1844ರಿಂದ 1846ರವರೆಗೆ ಅವನು 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕವನ್ನು ಆರು ಕಂತುಗಳಲ್ಲಿ ಹೊರತಂದ. ಅಸಲಿ ಫೋಟೋಗಳನ್ನೇ ಅಂಟಿಸಿದ ಪುಸ್ತಕ ಅದು. ಒಟ್ಟು 24 ಚಿತ್ರಗಳು. ಕಟ್ಟಡ, ಗಾಜಿನ ಸಾಮಾನು, ಪಿಂಗಾಣಿ, ಹುಲ್ಲಿನ ಬಣವೆ, ಏಣಿ, ಲೇಸ್ ಬಟ್ಟೆ, ಹಳೆಯ ಅಚ್ಚಾದ ಪುಟ ಒಂದರ ನಕಲು, ಹೀಗೆ ಫೋಟೋಗ್ರಫಿಯಿಂದ ಏನೇನು ಸಾಧ್ಯ ಅಂತ ಜನಕ್ಕೆ ತೋರಿಸುವ ಮಾದರಿಗಳು.

ಈ 24ರಲ್ಲಿ ಒಂದು ಶಿಲ್ಪಕ್ಕೆ ಮಾತ್ರ ಎರಡು ಜಾಗ ಸಿಕ್ಕಿದೆ. 5ನೆಯ ಚಿತ್ರವೂ 17ನೆಯ ಚಿತ್ರವೂ ಒಂದೇ ತಲೆಯದು. ಗಡ್ಡವಿರುವ ಒಬ್ಬ ವೀರ, ಮುಖ ಮೇಲಕ್ಕೆತ್ತಿದ್ದಾನೆ, ಬಾಯಿ ಅರೆ ತೆರೆದಿದೆ. ಟಾಲ್ಬಟ್ ಕೊಟ್ಟ ಹೆಸರು 'ಪಟ್ರೋಕ್ಲಸನ ಬಸ್ಟ್'. ಪಟ್ರೋಕ್ಲಸ್ ಅಂದರೆ ಹೋಮರನ ಇಲಿಯಡ್‌ನಲ್ಲಿ ಬರುವ ಅಕಿಲಿಸನ ಆಪ್ತ ಗೆಳೆಯ.

ಚಿತ್ರ ದುಬಾರಿ, ಜಾಗ ಕಮ್ಮಿ. ಹಾಗಿದ್ದೂ ಅದೇ ತಲೆಯನ್ನು ಎರಡು ಸಲ ಯಾಕೆ ಹಾಕಿದ? 5ನೆಯ ಚಿತ್ರದ ಜೊತೆಗಿರುವ ಅವನ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಪ್ರತಿಮೆಗಳು ಬೆಳ್ಳಗಿರುವುದರಿಂದ ಬೇಗ ಮೂಡುತ್ತವೆ ಎಂದು ಮೊದಲು ಹೇಳುತ್ತಾನೆ. ಆಮೇಲೆ ಮುಖ್ಯವಾದ ಮಾತಿಗೆ ಬರುತ್ತಾನೆ. ಒಂದೇ ಪ್ರತಿಮೆಯಿಂದ ಲೆಕ್ಕವಿಲ್ಲದಷ್ಟು ಬೇರೆ ಬೇರೆ ಚಿತ್ರ ತೆಗೆಯಬಹುದು. ಪ್ರತಿಮೆಯನ್ನು ಪೀಠದ ಮೇಲೆ ಸ್ವಲ್ಪ ತಿರುಗಿಸಿದರೆ ಒಂದು, ಕ್ಯಾಮೆರಾವನ್ನು ಸರಿಸಿದರೆ ಇನ್ನೊಂದು, ಬಿಸಿಲು ಬೀಳುವ ದಿಕ್ಕು ಬದಲಾದರೆ ಮತ್ತೊಂದು. ನೇರ ಬಿಸಿಲಿನಲ್ಲಿ ನೆರಳು ಬಹಳ ಗಾಢವಾಗುತ್ತದೆ. ಆಗ ಎದುರು ಬದಿಯಲ್ಲಿ ಒಂದು ಬಿಳಿ ಬಟ್ಟೆ ಹಿಡಿದು ನೆರಳಿಗೆ ಬೆಳಕು ತುಂಬಬೇಕು. ಇನ್ನೂ ಒಳ್ಳೆಯದು ಮೋಡ ಕವಿದ ದಿನ.

ಆ ಬಿಳಿ ಬಟ್ಟೆಯ ಉಪಾಯ ಓದಿದಾಗ ನನಗೆ ಖುಷಿಯಾಯಿತು. ಇವತ್ತು ಫೀಲ್ಡಿಗೆ ಹೋದಾಗ ನಾವು ಬಿಳಿ ಪಂಚೆಯನ್ನೋ ಥರ್ಮೋಕೋಲ್ ಹಲಗೆಯನ್ನೋ ಹಿಡಿಯುತ್ತೇವಲ್ಲ, ಅದೇ. 180 ವರ್ಷಗಳಲ್ಲಿ ಏನೂ ಬದಲಾಗಿಲ್ಲ ನೋಡಿ.

ಪ್ರತಿಯ ಪ್ರತಿಯ ಪ್ರತಿ

ಇನ್ನು ಆ ಪಟ್ರೋಕ್ಲಸ್ ಯಾರು ಅಂತ ವಿಚಾರಿಸೋಣ. ಟಾಲ್ಬಟ್ ಫೋಟೋ ತೆಗೆದದ್ದು ಕಲ್ಲಿನ ಶಿಲ್ಪವನ್ನಲ್ಲ, ಅವನ ಮನೆಯಲ್ಲಿದ್ದ ಪ್ಲಾಸ್ಟರ್ ಎರಕವನ್ನು. ಅದರ ಮೂಲ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಮೃತಶಿಲೆಯ ತಲೆ. ಅದು ಚಾರ್ಲ್ಸ್ ಟೌನ್ಲಿ ಎಂಬ ಸಂಗ್ರಾಹಕನ ಬಳಿ ಇತ್ತು. ಅದಕ್ಕೂ ಮುಂಚೆ ರೋಮಿನ ಹತ್ತಿರದ ಟಿವೊಲಿಯಲ್ಲಿ, ಸಾಮ್ರಾಟ ಹೇಡ್ರಿಯನ್ನನ ಅರಮನೆಯ ಆವರಣದಲ್ಲಿ ಅಗೆದಾಗ ಸಿಕ್ಕಿದ್ದು. ಆ ಅಮೃತಶಿಲೆಯ ತಲೆ ಕೂಡ ರೋಮನ್ ಕಾಲದ ಕೆಲಸ, ಅದರ ಹಿಂದೆ ಇನ್ನೂ ಹಳೆಯ ಗ್ರೀಕ್ ಶಿಲ್ಪವೊಂದರ ಮಾದರಿ ಇದೆ.

ಅಂದರೆ ಗ್ರೀಕ್ ಮೂಲ, ಅದನ್ನು ಅನುಸರಿಸಿದ ರೋಮನ್ ಕಲ್ಲು, ಆ ಕಲ್ಲಿನ ಪ್ಲಾಸ್ಟರ್ ಎರಕ, ಎರಕದ ನೆಗೆಟಿವ್, ನೆಗೆಟಿವಿನ ಪ್ರತಿ. ನಮ್ಮ ನಿಮ್ಮ ಕಣ್ಣಿಗೆ ಬೀಳೋದು ಈ ಸರಪಳಿಯ ಕೊನೆಯ ಕೊಂಡಿ. ಓಲೆಗರಿ ಪ್ರತಿಗಳ ವಂಶವೃಕ್ಷ ಬರೆಯುವವರಿಗೆ, ತಾಮ್ರಶಾಸನ ಮೂಲವೋ ನಂತರದ ಪ್ರತಿಯೋ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಇದು ಪರಿಚಯದ ಸಂಗತಿಯೇ. ಪ್ರತಿ ಹಂತದಲ್ಲೂ ಏನೋ ಒಂದು ಉಳಿಯುತ್ತೆ, ಏನೋ ಒಂದು ಬಿಟ್ಟುಹೋಗುತ್ತೆ.

ಹೆಸರೂ ಉಳಿಯಲಿಲ್ಲ ಅನ್ನಿ. ಈ ತಲೆ ಪಟ್ರೋಕ್ಲಸನದಲ್ಲ, ಏಕಾಕ್ಷ ದೈತ್ಯ ಪಾಲಿಫೀಮಸನ ಕಣ್ಣು ಕುರುಡು ಮಾಡುವ ದೃಶ್ಯದ ಗುಂಪಿಗೆ ಸೇರಿದ, ಒಡಿಸ್ಸಿಯಸ್‌ನ ಸಂಗಾತಿ ಒಬ್ಬನದಿರಬೇಕು ಎಂದು ಈಗ ವಿದ್ವಾಂಸರು ಭಾವಿಸುತ್ತಾರೆ. ಫೋಟೋದ ಕೆಳಗಿನ ಹೆಸರು ಮಾತ್ರ ಹಾಗೇ ಇದೆ.

ಕಲ್ಲು ಮೊದಲು, ಮನುಷ್ಯ ಆಮೇಲೆ

ಮೊದಲ ಫೋಟೋಗ್ರಾಫರುಗಳೆಲ್ಲ ಶಿಲ್ಪದ ಹಿಂದೆ ಬಿದ್ದದ್ದು ಕಲಾಪ್ರೇಮದಿಂದ ಅಷ್ಟೇ ಅಲ್ಲ. ಆಗಿನ ಕ್ಯಾಮೆರಾಕ್ಕೆ ಚಿತ್ರ ಮೂಡಿಸಲು ನಿಮಿಷಗಟ್ಟಲೆ ಬೇಕಿತ್ತು. ಮನುಷ್ಯರು ಅಷ್ಟು ಹೊತ್ತು ಅಲುಗಾಡದೆ ಕೂರಲಾರರು. ಪ್ರತಿಮೆ ಕೂರುತ್ತೆ. ಬಿಳಿಯ ಪ್ಲಾಸ್ಟರ್ ಆದರೆ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತೆ, ಕೆಲಸ ಇನ್ನೂ ಬೇಗ. ಫ್ರಾನ್ಸಿನ ದಾಗೆರ್ ತೆಗೆದ, 1837ರದು ಎಂದು ಹೇಳಲಾಗುವ ಚಿತ್ರದಲ್ಲಿ ಕಾಣೋದು ಪ್ಲಾಸ್ಟರ್ ಎರಕಗಳೇ. ಅದೇ ದೇಶದ ಇಪೊಲಿತ್ ಬಾಯಾರ್ 1839ರ ಜೂನ್ 24ರಂದು ಪ್ಯಾರಿಸ್ಸಿನಲ್ಲಿ ತನ್ನ 30 ಚಿತ್ರಗಳನ್ನು ಜನರಿಗೆ ತೋರಿಸಿದ. ಅವನಿಗೂ ಸಣ್ಣ ಸಣ್ಣ ಪ್ಲಾಸ್ಟರ್ ಪ್ರತಿಮೆಗಳನ್ನು ಗುಂಪಾಗಿ ಜೋಡಿಸಿ ಫೋಟೋ ತೆಗೆಯುವುದು ಬಲು ಇಷ್ಟ.

ಶಾಸನಾಸಕ್ತರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1839ರ ಜುಲೈನಲ್ಲಿ ವಿಜ್ಞಾನಿ ಫ್ರಾನ್ಸ್ವಾ ಅರಾಗೊ ಫ್ರೆಂಚ್ ಸಂಸತ್ತಿನ ಮುಂದೆ ದಾಗೆರ್‌ನ ವಿಧಾನವನ್ನು ಸರ್ಕಾರ ಕೊಳ್ಳಬೇಕೆಂದು ವಾದಿಸಿದ. ಅವನು ಕೊಟ್ಟ ಮೊದಮೊದಲ ಉದಾಹರಣೆಗಳಲ್ಲಿ ಒಂದು ಈಜಿಪ್ಟಿನ ಚಿತ್ರಲಿಪಿಗಳದು. ಥೀಬ್ಸ್, ಕಾರ್ನಾಕ್ ಮುಂತಾದ ಕಡೆಯ ಗೋಡೆಗಳ ಮೇಲಿನ ಲಕ್ಷಾಂತರ ಅಕ್ಷರಗಳನ್ನು ಕೈಯಲ್ಲಿ ನಕಲು ಮಾಡಲು ಚಿತ್ರಕಾರರ ದಂಡೇ ಬೇಕು, ಹತ್ತಾರು ವರ್ಷ ಬೇಕು. ಈ ಯಂತ್ರವಿದ್ದರೆ ಒಬ್ಬನೇ ಮಾಡಬಹುದು ಅನ್ನೋದು ಅವನ ವಾದದ ಸಾರ. ಅಂದರೆ ಶಾಸನದ ಪ್ರತಿ ತೆಗೆಯುವುದು ಫೋಟೋಗ್ರಫಿಗೆ ಆಮೇಲೆ ಹೊಳೆದ ಉಪಯೋಗವಲ್ಲ, ಹುಟ್ಟುವಾಗಲೇ ಕೊಟ್ಟ ಭರವಸೆ.

ಆದರೆ ಒಂದು ತಮಾಷೆ ಇದೆ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡುವ ದಾಗೆರಿಯನ್ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವುಮುರುವು! ಲೆನ್ಸಿನ ಮುಂದೆ ಇನ್ನೊಂದು ಕನ್ನಡಿ ಅಥವಾ ಪ್ರಿಸಂ ಇಡದಿದ್ದರೆ ಅಕ್ಷರಗಳೆಲ್ಲ ಉಲ್ಟಾ. ಎಡಕ್ಕೂ ಬಲಕ್ಕೂ ಹರಿಯುವ ಈಜಿಪ್ಟಿನ ಬರಹದಲ್ಲಿ ಇದು ಎಂಥ ಗೊಂದಲ ಮಾಡಬಹುದಿತ್ತು ಅಂತ ಯೋಚಿಸಿ. ಶಿಲ್ಪಕ್ಕೂ ಅಷ್ಟೇ, ಎತ್ತಿದ ಬಲಗೈ ಎಡಗೈಯಾಗುತ್ತೆ.

ಟಾಲ್ಬಟ್ ಎಂಬ ಲಿಪಿತಜ್ಞ

ಟಾಲ್ಬಟ್ ಬಗ್ಗೆ ನಮ್ಮಲ್ಲಿ ಅಷ್ಟಾಗಿ ಹೇಳದ ವಿಷಯ ಒಂದಿದೆ. ಅವನು ಲಿಪಿ ಬಿಡಿಸುವವನೂ ಆಗಿದ್ದ. ಫೋಟೋಗ್ರಫಿಯಿಂದ ಸ್ವಲ್ಪ ದೂರ ಸರಿದ ಮೇಲೆ ಅವನು ಮುಳುಗಿದ್ದು ಅಸ್ಸೀರಿಯಾದ ಮೊಳೆಬರಹದಲ್ಲಿ. 1857ರಲ್ಲಿ ದೊರೆ ಮೊದಲನೆಯ ತಿಗ್ಲತ್-ಪಿಲೇಸರನ ಶಾಸನವೊಂದನ್ನು ತಾನೇ ಅನುವಾದಿಸಿ, ಮುದ್ರೆ ಒತ್ತಿದ ಲಕೋಟೆಯಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಗೆ ಕಳಿಸಿ, ಬೇರೆಯವರ ಅನುವಾದದ ಜೊತೆ ಹೋಲಿಸಿ ಎಂದು ಕೇಳಿದ. ಹಾಗೆ ರಾಲಿನ್ಸನ್, ಹಿಂಕ್ಸ್, ಓಪರ್ ಮತ್ತು ಟಾಲ್ಬಟ್, ಈ ನಾಲ್ವರ ಅನುವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಯಿತು. ಮುಖ್ಯ ವಿಷಯಗಳಲ್ಲಿ ಹೊಂದಾಣಿಕೆ ಕಂಡಿತು. ಮೊಳೆಬರಹವನ್ನು ನಿಜವಾಗಿಯೂ ಓದಲಾಗಿದೆ ಅಂತ ಲೋಕಕ್ಕೆ ನಂಬಿಕೆ ಬಂದದ್ದು ಆ ಪರೀಕ್ಷೆಯಿಂದ.

ಒಂದೇ ಪಠ್ಯ, ನಾಲ್ಕು ಜನ ಬೇರೆ ಬೇರೆ ಕೂತು ಮಾಡಿದ ನಾಲ್ಕು ಓದು. ಒಂದೇ ತಲೆ, ಎರಡು ಫೋಟೋ. ಇವೆರಡೂ ಒಬ್ಬನದೇ ಬುದ್ಧಿಯ ಕೆಲಸ ಅಂತ ನನಗೆ ತೋರುತ್ತೆ. ಒಂದೇ ಓದಿನ ಮೇಲೆ ಭಾರ ಹಾಕಬಾರದು, ಇನ್ನೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು ಅನ್ನುವ ಬುದ್ಧಿ ಅದು.

ಮ್ಯೂಸಿಯಂ ಮಾಳಿಗೆಯ ಮೇಲೆ

ಮೊಳೆಬರಹಕ್ಕೂ ಗ್ರೀಕ್ ಶಿಲ್ಪಕ್ಕೂ ಒಂದೇ ಕ್ಯಾಮೆರಾ ಎದುರಾದ ಜಾಗ ಬ್ರಿಟಿಷ್ ಮ್ಯೂಸಿಯಂ. 1850ರ ದಶಕದ ಮೊದಲ ಭಾಗದಲ್ಲಿ ಮ್ಯೂಸಿಯಂ ಈ ಕೆಲಸಕ್ಕೆ ಹಿಡಿದದ್ದು ರೋಜರ್ ಫೆಂಟನ್‌ನನ್ನು. 1855ರ ಕ್ರಿಮಿಯಾ ಯುದ್ಧದ ಫೋಟೋಗಳಿಂದ ಹೆಸರಾದವನು ಇವನೇ. ಅವನಿಗೆ ಕಟ್ಟಡದ ಮಾಳಿಗೆಯ ಮೇಲೆ ಗಾಜಿನ ಸ್ಟುಡಿಯೋ ಮಾಡಿಕೊಟ್ಟಿದ್ದರು. ವಿದ್ಯುದ್ದೀಪ ಇಲ್ಲದ ಕಾಲ, ಲಂಡನ್ನಿನ ಮಸುಕು ಬೆಳಕು. ಆಕಾಶಕ್ಕೆ ಹತ್ತಿರ ಹೋಗದೆ ಗತ್ಯಂತರವಿಲ್ಲ. ಹೊತ್ತುಕೊಂಡು ಹೋಗಬಹುದಾದದ್ದನ್ನು ಮೇಲಕ್ಕೆ ಒಯ್ಯುತ್ತಿದ್ದರು, ಆಗದ್ದನ್ನು ಗ್ಯಾಲರಿಯಲ್ಲೇ ತೆಗೆಯಬೇಕಿತ್ತು.

ಅಲ್ಲಿ ಅವನು ಮೊದಲು ಕೈಹಾಕಿದ ಕೆಲಸಗಳಲ್ಲಿ ನಿನೆವೆಯಿಂದ ಬಂದ ಮಣ್ಣಿನ ಹಲಗೆಗಳ ಫೋಟೋಗಳು ಸೇರಿವೆ. ಪ್ರಾಚೀನ ತಲೆಗಳ, ಪ್ರತಿಮೆಗಳ ಫೋಟೋಗಳು ಜೊತೆಗೇ ಬಂದವು. ಮಣ್ಣಿನ ಹಲಗೆಯ ಮೇಲಿನ ಮೊಳೆಗುರುತು ಎಂದರೆ ಕೂದಲೆಳೆಯಷ್ಟು ತಗ್ಗು. ಅದನ್ನು ಕಾಣಿಸುವುದು ನೆರಳೇ. ಪ್ರತಿಮೆಯ ಕೆನ್ನೆಯ ತಿರುವನ್ನು ಕಾಣಿಸುವುದೂ ನೆರಳೇ. ಎರಡಕ್ಕೂ ಒಂದೇ ವಿದ್ಯೆ ಬೇಕು.

ಅಗೆತದ ಹೊಂಡಕ್ಕೆ ಇಳಿದ ಕ್ಯಾಮೆರಾ

ಮ್ಯೂಸಿಯಂ ಹೊರಗೆ ಏನು ನಡೆಯುತ್ತಿತ್ತು? 1839ರ ಅಕ್ಟೋಬರಿನಲ್ಲೇ, ಅಂದರೆ ದಾಗೆರ್‌ನ ವಿಧಾನ ಬಹಿರಂಗವಾಗಿ ಎರಡು ತಿಂಗಳಾಗುವಷ್ಟರಲ್ಲಿ, ಜೋಲಿ ದ ಲೊತ್ಬಿನಿಯೇರ್ ಎಂಬ ಪ್ರವಾಸಿ ಅಥೆನ್ಸಿನ ಪಾರ್ಥೆನಾನ್ ಎದುರು ಕ್ಯಾಮೆರಾ ನಿಲ್ಲಿಸಿದ್ದ. ಆ ತಗಡುಗಳು ಈಗಿಲ್ಲ. ಅವುಗಳಿಂದ ಕೊರೆದು ಅಚ್ಚು ಹಾಕಿದ ಚಿತ್ರ ಪ್ಯಾರಿಸ್ಸಿನ ಒಂದು ಸಂಪುಟದಲ್ಲಿ ಉಳಿದಿದೆ. ಆಗ ಪಾರ್ಥೆನಾನ್ ಒಳಗಿದ್ದ ಪುಟ್ಟ ಮಸೀದಿ ಅದರಲ್ಲಿ ಕಾಣುತ್ತದೆ. ಕೆಲವೇ ವರ್ಷಗಳಲ್ಲಿ ಆ ಮಸೀದಿಯನ್ನು ಕೆಡವಲಾಯಿತು.

ಅಗೆತಕ್ಕೆ ಫೋಟೋಗ್ರಾಫರನನ್ನು ಕರೆದೊಯ್ದ ಮೊದಲಿಗರಲ್ಲಿ ಚಾರ್ಲ್ಸ್ ನ್ಯೂಟನ್ ಒಬ್ಬ. 1856ರಲ್ಲಿ ಈಗಿನ ಟರ್ಕಿಯ ತೀರದ ಹಾಲಿಕಾರ್ನಾಸಸ್‌ಗೆ ಅವನು ಹೊರಟಾಗ ಜೊತೆಯಲ್ಲಿ ಸೇನೆಯ ಎಂಜಿನಿಯರ್ ದಳದ ಕಾರ್ಪೊರಲ್ ಬೆಂಜಮಿನ್ ಸ್ಪ್ಯಾಕ್‌ಮನ್ ಇದ್ದ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಮೌಸೋಲಸನ ಸಮಾಧಿಯ ಅವಶೇಷಗಳು, 1858ರಲ್ಲಿ ಕ್ನಿಡಸ್‌ನಲ್ಲಿ ಸಿಕ್ಕ ಭಾರಿ ಸಿಂಹ, ಇವೆಲ್ಲ ನೆಲದ ಮೇಲೆ ಇನ್ನೂ ಬಿದ್ದಿರುವಾಗಲೇ ಫೋಟೋ ಆದವು. ಮ್ಯೂಸಿಯಂ ಪೀಠ ಏರಿದ ಮೇಲೆ ಶಿಲ್ಪ ಹೇಗೆ ಕಾಣುತ್ತೆ ಎಂಬುದು ಬೇರೆ, ಸಿಕ್ಕ ಜಾಗದಲ್ಲಿ ಹೇಗಿತ್ತು ಎಂಬುದು ಬೇರೆ. ಎರಡನೆಯದು ಒಂದು ಸಲ ಕೈತಪ್ಪಿದರೆ ಮತ್ತೆ ಸಿಗೋದಿಲ್ಲ.

ಅದೇ ನ್ಯೂಟನ್ ಡಿಡಿಮಾದ ಅಪೋಲೋ ಗುಡಿಗೆ ಹೋಗುವ ಹಳೆಯ ಮಾರ್ಗದಿಂದ ಕ್ರಿ.ಪೂ. 6ನೆಯ ಶತಮಾನದ ಕುಳಿತ ಪ್ರತಿಮೆಗಳನ್ನು ಲಂಡನ್ನಿಗೆ ತಂದ. ಅವುಗಳಲ್ಲಿ ಒಂದರ ಆಸನದ ಮೇಲೆ ಶಾಸನ ಇದೆ. ಈತ ಕ್ಲೀಸಿಸನ ಮಗ ಖಾರೆಸ್, ಟೈಕಿಯುಸ್ಸಾದ ಒಡೆಯ. ಪ್ರತಿಮೆ ಅಪೋಲೋ ದೇವರಿಗೆ ಸೇರಿದ್ದು ಎಂಬುದು ಅದರ ತಾತ್ಪರ್ಯ. ಪ್ರತಿಮೆಯ ಬಾಯಲ್ಲೇ ಹೇಳಿಸಿದ ಮಾತು ಅದು. ಶಿಲ್ಪವೂ ಶಾಸನವೂ ಒಂದೇ ಕಲ್ಲಿನಲ್ಲಿದ್ದಾಗ ಫೋಟೋಗ್ರಾಫರನಿಗೆ ಕಷ್ಟ ಬರುತ್ತೆ. ಪ್ರತಿಮೆಯ ಮೈ ಚೆನ್ನಾಗಿ ಕಾಣಲು ಹಿತವಾದ, ಮೋಡದ ಬೆಳಕು ಬೇಕು. ಅಕ್ಷರ ಕಾಣಲು ಓರೆ ಬೆಳಕು ಬೇಕು. ಒಂದೇ ಚಿತ್ರದಲ್ಲಿ ಎರಡನ್ನೂ ದಕ್ಕಿಸೋದು ಕಷ್ಟ. ನಮ್ಮ ವೀರಗಲ್ಲುಗಳಲ್ಲೂ ಇದೇ ಪೇಚು ಅಲ್ಲವೇ? ಶಿಲ್ಪದ ಪಟ್ಟಿಕೆಗೆ ಹೊಂದುವ ಬೆಳಕು ಅಕ್ಷರದ ಪಟ್ಟಿಗೆ ಒಗ್ಗೋದಿಲ್ಲ.

1869ರಲ್ಲಿ ಅಮೆರಿಕದ ವಿಲಿಯಂ ಸ್ಟಿಲ್‌ಮನ್ ಅಕ್ರೊಪೊಲಿಸ್‌ನ ಫೋಟೋಗಳನ್ನು ತೆಗೆದು ಮರುವರ್ಷ ಸಂಪುಟವಾಗಿ ತಂದ. ಜಯದೇವತೆ ನೈಕಿಯ ಗುಡಿಯ ಉಬ್ಬುಶಿಲ್ಪವೂ ಅದರಲ್ಲಿದೆ. ಸಾಮೋತ್ರಾಕೆ ದ್ವೀಪದಲ್ಲಿ ಆಸ್ಟ್ರಿಯಾದವರು 1873ರಲ್ಲಿ ಮಾಡಿದ ಅಗೆತದ ವರದಿ 1875ರಲ್ಲಿ ಬಂತು. ಅಗೆತದ ವರದಿಗೆ ಫೋಟೋಗಳನ್ನೇ ಆಧಾರವಾಗಿ ಕೊಡುವ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು.

ಎರಡು ದಿನದ ಎಕ್ಸ್‌ಪೋಷರ್

ರೋಮಿಗೆ ಬರೋಣ. ಅಲ್ಲಿದ್ದ ಸ್ಕಾಟ್ಲೆಂಡಿನ ರಾಬರ್ಟ್ ಮ್ಯಾಕ್‌ಫರ್ಸನ್ ಮೊದಲು ವೈದ್ಯವಿದ್ಯೆ ಕಲಿತವನು, ಆಮೇಲೆ ಫೋಟೋಗ್ರಾಫರ್ ಆದ. ವ್ಯಾಟಿಕನ್ ಗ್ಯಾಲರಿಗಳ ಶಿಲ್ಪಗಳನ್ನು ನೂರಾರು ಸಂಖ್ಯೆಯಲ್ಲಿ ಅವನು ತೆಗೆದ. ಆ ಗ್ಯಾಲರಿಗಳಲ್ಲಿ ಬೆಳಕು ಕಮ್ಮಿ. ಶಿಲ್ಪಗಳನ್ನು ಅಲುಗಿಸುವ ಹಾಗಿಲ್ಲ. ಹಾಗಾಗಿ ಒಂದೊಂದಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು, ಒಂದೆರಡಕ್ಕೆ ಎರಡು ದಿನವೇ ಬೇಕಾಯಿತು ಅಂತ ಅವನೇ ಬರೆದಿದ್ದಾನೆ. ಗಾಜಿನ ಮೇಲೆ ಮೊಟ್ಟೆಯ ಬಿಳಿ ಲೋಳೆ ಹಚ್ಚಿ ಮಾಡುವ ಆಲ್ಬ್ಯುಮೆನ್ ವಿಧಾನದಲ್ಲಿ ಇದು ಸಾಧ್ಯವಿತ್ತು. ಆಗ ಜಾರಿಯಲ್ಲಿದ್ದ ಕೊಲೋಡಿಯನ್ ವಿಧಾನದಲ್ಲಿ ಲೇಪ ಒಣಗುವ ಮುಂಚೆ ಎಲ್ಲ ಮುಗಿಸಬೇಕು.

ಎರಡು ದಿನದ ಎಕ್ಸ್‌ಪೋಷರ್ ಅಂದರೆ ಏನು? ಬೆಳಗಿನ ಬೆಳಕು, ಮಧ್ಯಾಹ್ನದ್ದು, ಸಂಜೆಯದ್ದು, ಎಲ್ಲ ಒಂದರ ಮೇಲೊಂದು ಕೂಡಿ ಒಂದು ಚಿತ್ರ. ಅಂಥ ಬೆಳಕಿನಲ್ಲಿ ಆ ಶಿಲ್ಪವನ್ನು ಯಾವ ಮನುಷ್ಯನೂ ಯಾವತ್ತೂ ನೋಡಿಲ್ಲ! ಅದಕ್ಕೆ ತದ್ವಿರುದ್ಧವಾದದ್ದು ಆ ಕಾಲದ ಪ್ರವಾಸಿಗರ ಇನ್ನೊಂದು ಹವ್ಯಾಸ. ರಾತ್ರಿ ಹೊತ್ತು ಪಂಜು ಹಿಡಿದು ವ್ಯಾಟಿಕನ್ ಶಿಲ್ಪಗಳನ್ನು ನೋಡುವುದು. ಗಯಟೆ ತನ್ನ ಇಟಲಿ ಪ್ರವಾಸದ ಬರಹದಲ್ಲಿ ಇದನ್ನು ಪ್ರಸ್ತಾಪಿಸುತ್ತಾನೆ. ಪಂಜಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಶಿಲ್ಪದ ಸಣ್ಣ ಸಣ್ಣ ತಿರುವುಗಳೂ ಎದ್ದು ಕಾಣುತ್ತಿದ್ದವು. ನಮ್ಮ ಟಾರ್ಚಿನ ಮುತ್ತಜ್ಜ ಅಂತ ಬೇಕಾದರೆ ಹೇಳಿ.

ಬಿಳಿ ಬಣ್ಣದ ಸುಳ್ಳು

ಇಷ್ಟು ಹೊತ್ತು ಬೆಳಕಿನ ಮಾತಾಯಿತು. ಬಣ್ಣದ ವಿಚಾರ ಇನ್ನೂ ಗಂಭೀರ.

ಗ್ರೀಕ್ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು. ಕೂದಲು, ತುಟಿ, ಕಣ್ಣು, ಬಟ್ಟೆಯ ಅಂಚು, ಎಲ್ಲಕ್ಕೂ. ಇದು 19ನೆಯ ಶತಮಾನದ ವಿದ್ವಾಂಸರಿಗೆ ಗೊತ್ತಿರಲಿಲ್ಲ ಅಂತಲ್ಲ. 1854ರಲ್ಲಿ ಲಂಡನ್ನಿನ ಸಿಡೆನ್‌ಹ್ಯಾಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತೆರೆದಾಗ ಓವೆನ್ ಜೋನ್ಸ್ ಪಾರ್ಥೆನಾನ್ ಶಿಲ್ಪಪಟ್ಟಿಕೆಯ ಎರಕಗಳಿಗೆ ಬಣ್ಣ ಹಚ್ಚಿ ನಿಲ್ಲಿಸಿದ. ದೊಡ್ಡ ಗಲಾಟೆಯೇ ಆಯಿತು. ಬಿಳಿಯೇ ಶುದ್ಧ, ಬಿಳಿಯೇ ಗ್ರೀಕ್ ಎಂದು ನಂಬಿದ್ದವರಿಗೆ ಅದನ್ನು ನೋಡೋಕೂ ಆಗಲಿಲ್ಲ.

ಆ ನಂಬಿಕೆ ಫೋಟೋಗ್ರಫಿಗಿಂತ ಹಳೆಯದು ನಿಜ, ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಫೋಟೋದ ಪಾಲು ದೊಡ್ಡದು ಅಂತ ನಾನು ಭಾವಿಸುತ್ತೇನೆ. ಆಗಿನ ರಾಸಾಯನಿಕ ಲೇಪಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಹಳದಿ, ಕೆಂಪು ಕಪ್ಪಾಗಿ ಮೂಡುತ್ತಿದ್ದವು. ಹಳೆಯ ಅಮೃತಶಿಲೆ ಕಾಲಕ್ಕೆ ಹಳದಿಗೆ ತಿರುಗಿರುತ್ತೆ, ಕಬ್ಬಿಣದ ಅಂಶದಿಂದ ಕಂದು ಕಲೆ ಬಿದ್ದಿರುತ್ತೆ. ಫೋಟೋದಲ್ಲಿ ಅದೆಲ್ಲ ಕೊಳಕು ಮಚ್ಚೆಯಾಗಿ ಕಾಣುತ್ತಿತ್ತು. ಹಾಗಾಗಿ ಎಷ್ಟೋ ಸಲ ಮೂಲದ ಬದಲು ಬೆಳ್ಳಗಿನ ಎರಕದ ಫೋಟೋ ತೆಗೆಯುವುದೇ ಸುಲಭವಾಗಿತ್ತು. ಎಲ್ಲೋ ಬಟ್ಟೆಯ ಮಡಿಕೆಯಲ್ಲಿ ಉಳಿದಿದ್ದ ಕೆಂಪಿನ ಚೂರು ಫೋಟೋದಲ್ಲಿ ನೆರಳಿನಲ್ಲಿ ಸೇರಿಹೋಗುತ್ತಿತ್ತು, ಎರಕದಲ್ಲಂತೂ ಇರುವುದೇ ಇಲ್ಲ.

1886ರಲ್ಲಿ ಅಕ್ರೊಪೊಲಿಸ್‌ನಲ್ಲಿ ಕನ್ಯೆಯರ ಹಲವು ಪ್ರತಿಮೆಗಳು ಒಟ್ಟಿಗೆ ಸಿಕ್ಕಿದವು. ಪರ್ಷಿಯನ್ನರ ದಾಳಿಯ ಅನಂತರ ಅಥೆನ್ಸಿನವರು ಹೂತಿಟ್ಟಿದ್ದ ಆ ಪ್ರತಿಮೆಗಳ ಮೇಲೆ ಬಣ್ಣ ಇನ್ನೂ ಕಣ್ಣಿಗೆ ಹೊಡೆಯುವ ಹಾಗಿತ್ತು. ಫೋಟೋ ತೆಗೆದರು, ಕಪ್ಪು-ಬಿಳುಪಿನಲ್ಲಿ. ಬಣ್ಣ ದಾಖಲಿಸೋದಕ್ಕೆ ಎಮಿಲ್ ಜಿಲ್ಯೆರೊನ್ ಎಂಬ ಚಿತ್ರಕಾರನ ಜಲವರ್ಣವೇ ಬೇಕಾಯಿತು. ಗಾಳಿ ಬೆಳಕಿಗೆ ತೆರೆದುಕೊಂಡ ಮೇಲೆ ಬಣ್ಣ ಮಾಸುತ್ತಾ ಹೋಯಿತು. ಇವತ್ತು ಆ ಬಣ್ಣಗಳ ಬಗ್ಗೆ ಮಾತಾಡುವವರು ಫೋಟೋದ ಜೊತೆ ಆ ಜಲವರ್ಣಗಳನ್ನೂ ತೆರೆದಿಡುತ್ತಾರೆ. ಯಂತ್ರ ಬಂತು ಅಂತ ಕೈ ಬೇಡವಾಗಲಿಲ್ಲ.

ಫೋಟೋ ಎಂಬ ವಾದ, ಫೋಟೋ ಎಂಬ ಸಾಕ್ಷಿ

ಶತಮಾನದ ಕೊನೆಗೆ ಫೋಟೋ ಇಲ್ಲದೆ ಶಿಲ್ಪಶಾಸ್ತ್ರದ ವಿದ್ವತ್ತು ನಡೆಯದು ಎಂಬಂತಾಯಿತು. ಜರ್ಮನಿಯ ಅಡಾಲ್ಫ್ ಫುರ್ಟ್‌ವೆಂಗ್ಲರ್ 1893ರ ತನ್ನ ಗ್ರಂಥದಲ್ಲಿ ಬೊಲೋನ್ಯದಲ್ಲಿರುವ ಒಂದು ತಲೆ ಮತ್ತು ಡ್ರೆಸ್ಡೆನ್‌ನಲ್ಲಿರುವ ಒಂದು ಮುಂಡ ಒಂದೇ ರೂಪಕ್ಕೆ ಸೇರಿದವು, ಅದು ಫಿಡಿಯಾಸನ ಅಥೀನಾ ಎಂದು ವಾದಿಸಿದ. ಎರಡು ದೇಶಗಳ ಎರಡು ಕಲ್ಲುಗಳನ್ನು ಜೋಡಿಸಲು ಎರಕ, ಫೋಟೋಗಳೇ ಸಾಧನ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ಬೇರೆ ಮಾತು.

ಕಲಾ ಇತಿಹಾಸಕಾರ ಹೈನ್ರಿಖ್ ವೋಲ್ಫ್ಲಿನ್ 1896 ಮತ್ತು 1897ರಲ್ಲಿ ಶಿಲ್ಪಗಳ ಫೋಟೋ ಹೇಗೆ ತೆಗೆಯಬೇಕು ಎಂಬುದರ ಮೇಲೇ ಲೇಖನ ಬರೆದ. ಫೋಟೋಗ್ರಾಫರುಗಳು ಚಂದ ಕಾಣಲಿ ಅಂತ ಓರೆಕೋರೆ ಬದಿಯಿಂದ ತೆಗೆಯುತ್ತಾರೆ, ಶಿಲ್ಪಿ ಉದ್ದೇಶಿಸಿದ್ದ ಮುಖ್ಯ ನೋಟ ಒಂದಿರುತ್ತದೆ, ಅಲ್ಲಿಂದಲೇ ತೆಗೆಯಬೇಕು ಅನ್ನೋದು ಅವನ ತಕರಾರು. ಟಾಲ್ಬಟ್ ಲೆಕ್ಕವಿಲ್ಲದಷ್ಟು ನೋಟ ಇದೆ ಎಂದ, ವೋಲ್ಫ್ಲಿನ್ ಸರಿಯಾದ ನೋಟ ಒಂದಿದೆ ಎಂದ. ನನ್ನ ಮತ ಟಾಲ್ಬಟ್ ಕಡೆಗೆ. ಆದರೆ ಇಬ್ಬರೂ ಒಪ್ಪುವ ಒಂದು ಮಾತಿದೆ: ಎಲ್ಲಿ ನಿಂತೆವು ಎನ್ನುವುದರಿಂದ ಕಾಣುವುದು ಬದಲಾಗುತ್ತೆ.

ಹಾಗಂತ ಹಳೆಯ ಫೋಟೋಗಳು ನಂಬಲಾಗದವು ಅಂತ ತಿಳಿಯಬೇಡಿ. ವ್ಯಾಟಿಕನ್ನಿನ ಲಾವೊಕೂನ್ ಶಿಲ್ಪ ನೋಡಿ. ಹಾವುಗಳು ಸುತ್ತಿಕೊಂಡ ಆ ತಂದೆಯ ಬಲಗೈ 19ನೆಯ ಶತಮಾನದ ಫೋಟೋಗಳಲ್ಲಿ ನೆಟ್ಟಗೆ ಮೇಲಕ್ಕೆ ಚಾಚಿದೆ. ಅದು ನಂತರದ ಕಾಲದಲ್ಲಿ ಜೋಡಿಸಿದ ಕೈ. ಮೂಲದ ಕೈಯನ್ನು 1906ರಲ್ಲಿ ಲುಡ್ವಿಗ್ ಪೊಲಾಕ್ ರೋಮಿನಲ್ಲಿ ಗುರುತಿಸಿದ. ಅದು ಹಿಂದಕ್ಕೆ ಮಡಿಚಿತ್ತು. 1950ರ ದಶಕದ ಕೊನೆಯಲ್ಲಿ ಅದನ್ನು ಮರಳಿ ಸೇರಿಸಿದರು. ಏಜಿನಾ ಗುಡಿಯ ಶಿಲ್ಪಗಳಿಗೂ ಹೀಗೇ. ತೋರ್ವಾಲ್ಡ್‌ಸೆನ್ ಜೋಡಿಸಿದ್ದ ಕೈಕಾಲುಗಳನ್ನು 1960ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ತೆಗೆದುಹಾಕಿದರು. ಹಿಂದಿನ ಒಂದೂವರೆ ಶತಮಾನ ಜನ ಈ ಶಿಲ್ಪಗಳನ್ನು ಯಾವ ರೂಪದಲ್ಲಿ ನೋಡಿ ಮೆಚ್ಚಿದರು ಅಂತ ತಿಳಿಯೋಕೆ ಹಳೆಯ ಫೋಟೋಗಳನ್ನು ನೋಡಬೇಕು. ಗ್ರೀಕರ ಕೈಕೆಲಸದ ಬಗ್ಗೆ ಅವು ಅರ್ಧ ಸತ್ಯ ಹೇಳಬಹುದು, ತಮ್ಮ ಕಾಲದ ಬಗ್ಗೆ ಪೂರ್ತಿ ಸತ್ಯ ಹೇಳುತ್ತವೆ.

ನಮ್ಮ ಕಡೆಗೆ

ಇದೇ ವರ್ಷಗಳಲ್ಲಿ ಇದೇ ವಿದ್ಯೆ ನಮ್ಮ ಊರುಗಳಿಗೂ ಬಂತು. ಫೆಂಟನ್ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಕಾಲದಲ್ಲೇ, 1856ರಲ್ಲಿ, ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಶಿಲ್ಪಗಳ ಫೋಟೋ ತೆಗೆದ. 56 ಚಿತ್ರಗಳ ಸಂಪುಟ 1859ರಲ್ಲಿ ಬಂತು. 1865ರಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ, ಮೇಜರ್ ಡಿಕ್ಸನ್ ಚಿತ್ರದುರ್ಗ, ಹರಿಹರ, ಬಳ್ಳಿಗಾವಿ ಮುಂತಾದ ಕಡೆಯ ಸುಮಾರು 150 ಶಾಸನಗಳ ಫೋಟೋ ತೆಗೆದ. ಬಿ.ಎಲ್. ರೈಸ್ ಅವರ 1879ರ 'ಮೈಸೂರ್ ಇನ್ಸ್‌ಕ್ರಿಪ್ಷನ್ಸ್' ಗ್ರಂಥದ ಬುಡದಲ್ಲಿ ಈ ಫೋಟೋಗಳಿವೆ. ಅರಾಗೊ ಈಜಿಪ್ಟಿಗೆ ಕೊಟ್ಟಿದ್ದ ಭರವಸೆ ಬಳ್ಳಿಗಾವಿಯಲ್ಲಿ ಈಡೇರಿತು ಅನ್ನಬಹುದು.

ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕದ ಕೆಲಸ ನಡೆದದ್ದು ಫೋಟೋ ಒಂದನ್ನೇ ನಂಬಿ ಅಲ್ಲ. ಕಲ್ಲಿನ ಮುಂದೆ ಕೂತು ಓದುವುದು, ಕಾಗದ ಒತ್ತಿ ಮಸಿ ಹಾಕಿ ಪಡಿಯಚ್ಚು ತೆಗೆಯುವುದು, ಇವೇ ನಮ್ಮ ಕ್ಷೇತ್ರದ ಬೆನ್ನೆಲುಬಾದವು. ಪಡಿಯಚ್ಚಿಗೆ ಬಿಸಿಲಿನ ದಿಕ್ಕಿನ ಹಂಗಿಲ್ಲ. ಆದರೆ ಅದಕ್ಕೆ ಶಾಸನದ ಸುತ್ತಲಿನ ಊರು, ಗುಡಿ, ಕಲ್ಲು ನಿಂತ ಜಾಗ ಏನೂ ಗೊತ್ತಿಲ್ಲ. ಅದನ್ನು ಫೋಟೋ ಹೇಳುತ್ತೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ.

ಶಾಸನಶಾಸ್ತ್ರದಲ್ಲಿ ನಾವು 'ಪಾಠ' ಎಂಬ ಪದ ಬಳಸುತ್ತೇವೆ. ರೈಸ್ ಅವರ ಪಾಠ, ನರಸಿಂಹಾಚಾರ್ಯರ ಪಾಠ ಅಂತೆಲ್ಲ. ಓದಿದವರು ಯಾರು, ಯಾವಾಗ, ಯಾವ ಆಧಾರದಿಂದ ಓದಿದರು ಅಂತ ನೋಡದೆ ಯಾವ ಪಾಠವನ್ನೂ ಒಪ್ಪೋದಿಲ್ಲ. ಫೋಟೋ ಕೂಡ ಒಂದು ಪಾಠವೇ. ಯಾರೋ ಒಬ್ಬರು, ಒಂದು ಹೊತ್ತಿನಲ್ಲಿ, ಒಂದು ಬದಿಯಲ್ಲಿ ನಿಂತು ಮಾಡಿದ ಪಾಠ. ಟಾಲ್ಬಟ್‌ನ ಎರಡು ಚಿತ್ರಗಳಿಂದ ನಾನು ಕಲಿತದ್ದು ಇಷ್ಟು.

ಆದ್ದರಿಂದ ಮುಂದಿನ ಸಲ ಶಾಸನದ ಫೋಟೋ ತೆಗೆಯುವಾಗ ಮೂರು ಕೆಲಸ ಮಾಡಿ. ಬೆಳಕಿನ ದಿಕ್ಕು ಬದಲಿಸಿ ಕನಿಷ್ಠ ಎರಡು ಚಿತ್ರ ತೆಗೆಯಿರಿ. ಸಮಯ ಎಷ್ಟು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಅಕ್ಷರಕ್ಕೆ ಸುಣ್ಣವನ್ನೋ ಪುಡಿಯನ್ನೋ ಯಾರಾದರೂ ಮೊದಲೇ ಬಳಿದಿದ್ದಾರೆಯೇ, ಬರೆದಿಡಿ. ದಯವಿಟ್ಟು ನೀವು ಮಾತ್ರ ಏನೂ ಬಳಿಯಬೇಡಿ. ಇನ್ನೊಂದು ಕೋರಿಕೆ. ನಿಮ್ಮ ಊರಿನ ಗುಡಿಯದ್ದೋ ವೀರಗಲ್ಲಿನದ್ದೋ ಹಳೆಯ ಕಪ್ಪು-ಬಿಳುಪು ಫೋಟೋ ಮನೆಯ ಪೆಟ್ಟಿಗೆಯಲ್ಲಿದ್ದರೆ, ಮಸುಕಾಗಿದೆ ಅಂತ ಬಿಸಾಡಬೇಡಿ. ಈಗ ಸಿಮೆಂಟಿನಲ್ಲಿ ಹೂತುಹೋದ ಕೊನೆಯ ಎರಡು ಸಾಲು ಅದರಲ್ಲಿ ಇನ್ನೂ ಕಾಣುತ್ತಿರಬಹುದು.